ಪುಡಿ ಸಾಹೇಬರ ಕೈಗುಣ

ಮಣ್ಣು ಪರೀಕ್ಷಾ ಕೇಂದ್ರದ ಮುಖ್ಯಸ್ಥರನ್ನು ಎದುರಿಗೆ ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆ ಪುಡಿ ಸಾಹೇಬರು ಎನ್ನುತ್ತಿದ್ದರು. ಎರಡರಲ್ಲೂ ಸುಳ್ಳಿರಲಿಲ್ಲ. ಅವರದು ಬೆವರಿನ ಮೈ. ಬಿಸಿಲು ಏರುವುದೇ ತಡ, ಕತ್ತಿನ ಸುತ್ತ, ಕಂಕುಳಲ್ಲಿ, ಬೆನ್ನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬೆವರುಸಾಲೆ ಏಳುತ್ತಿತ್ತು. ಅದಕ್ಕೆಂದು ಅಂಗಡಿಯಲ್ಲಿ ಸಿಗುವ ತಂಪು ಪೌಡರನ್ನು ಅವರು ಹಚ್ಚಿಕೊಳ್ಳುತ್ತಿದ್ದರು ಎಂದರೆ ಮಾತು ಕಡಿಮೆಯಾಯಿತು. ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಳ್ಳುತ್ತಿದ್ದರು. ಮನೆಯಲ್ಲೊಂದು ಡಬ್ಬಿ, ಕಚೇರಿಯ ಮೇಜಿನ ಖಾನೆಯಲ್ಲಿ ಇನ್ನೊಂದು. ಅವರು ಎದ್ದುಹೋದ ಕುರ್ಚಿಯಲ್ಲಿ ಬೆನ್ನಿನ ಅಚ್ಚು ಉಳಿಯುತ್ತಿತ್ತು. ಅವರು ಮಾತಾಡಿ ಇಟ್ಟ ಫೋನನ್ನು ಬೇರೆಯವರು ಎತ್ತಿಕೊಂಡರೆ ಕಿವಿ ಬೆಳ್ಳಗಾಗುತ್ತಿತ್ತು.

ಸುತ್ತಲಿನದೆಲ್ಲ ಮಳೆ ನಂಬಿದ ಒಣಭೂಮಿ. ಸೂರ್ಯಕಾಂತಿ, ಎಳ್ಳು, ಕುಸುಬೆ, ಹೀಗೆ ಎಣ್ಣೆಕಾಳು ಬೆಳೆಯುವ ಜನ. ಬಿತ್ತನೆಗೆ ಮುಂಚೆ ಹೊಲದ ಮಣ್ಣನ್ನು ಬಟ್ಟೆಚೀಲದಲ್ಲಿ ಕಟ್ಟಿ ಈ ಕೇಂದ್ರಕ್ಕೆ ತರುತ್ತಿದ್ದರು. ಆ ಮಣ್ಣಿನಲ್ಲಿ ಸತು, ಕಬ್ಬಿಣ, ತಾಮ್ರ, ಬೋರಾನ್ ಗಿಡಕ್ಕೆ ಎಟುಕುವಷ್ಟು ಇದೆಯೋ ಇಲ್ಲವೋ ಎಂದು ನೋಡುವುದು ಸಾಹೇಬರ ಕೆಲಸ. ಮಣ್ಣಿನಲ್ಲಿ ಇರುವುದು ಬೇರೆ, ಗಿಡಕ್ಕೆ ಸಿಗುವುದು ಬೇರೆ. ಉಗ್ರಾಣದಲ್ಲಿ ಕಾಳಿದೆ ಎಂದ ಮಾತ್ರಕ್ಕೆ ಬಾಗಿಲಲ್ಲಿ ನಿಂತವನ ಹೊಟ್ಟೆ ತುಂಬುವುದಿಲ್ಲವಲ್ಲ, ಹಾಗೆ. ಚಿಟಿಕೆಯಷ್ಟು ಸತು ಸಿಗದಿದ್ದರೂ ಸೂರ್ಯಕಾಂತಿ ಕುಳ್ಳಗೆ ಉಳಿದು, ಎಲೆಗೆ ತುಕ್ಕಿನ ಬಣ್ಣ ಬಂದು, ಹೂವು ಅಂಗಿಯ ಗುಂಡಿಯ ಗಾತ್ರಕ್ಕೆ ನಿಂತುಬಿಡುತ್ತದೆ.

ಅಷ್ಟು ಸಣ್ಣದನ್ನು ಅಳೆಯಬೇಕಾದರೆ ಮಡಿವಂತಿಕೆ ಬೇಕು. ಅದರಲ್ಲಿ ಸಾಹೇಬರನ್ನು ಮೀರಿಸುವವರಿರಲಿಲ್ಲ. ಮಣ್ಣಿಗೆ ಲೋಹ ಸೋಕಬಾರದು ಎಂಬುದು ಅವರ ಕಟ್ಟಪ್ಪಣೆ. ನೆರಳಲ್ಲಿ ಒಣಗಿಸಿದ ಮಣ್ಣನ್ನು ಮರದ ಕೊಡತಿಯಿಂದಲೇ ಕುಟ್ಟಬೇಕು, ಪ್ಲಾಸ್ಟಿಕ್ ಜರಡಿಯಲ್ಲೇ ಸೋಸಬೇಕು. ಒಮ್ಮೆ ಯಾರೋ ತಗಡಿನ ಬಕೆಟ್ಟಿನಲ್ಲಿ ಮಣ್ಣು ತಂದಾಗ, ಬಕೆಟ್ಟಿನ ಲೇಪದ ಸತುವೆಲ್ಲ ಮಣ್ಣಿಗೆ ಇಳಿಯುತ್ತದೆ, ನೀನೇನು ಹೊಲ ಪರೀಕ್ಷೆ ಮಾಡಿಸಲು ಬಂದೆಯೋ ಬಕೆಟ್ ಪರೀಕ್ಷೆ ಮಾಡಿಸಲೋ ಎಂದು ಬೈದು, ಅಷ್ಟು ದೂರದಿಂದ ಬಂದವನನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ್ದರು. ಪ್ರಯೋಗಾಲಯದ ಸಹಾಯಕಿ ಬೆರಳಿನ ಉಂಗುರವನ್ನು ಬಾಗಿಲ ಹೊರಗೆ ತೆಗೆದಿಟ್ಟೇ ಒಳಗೆ ಬರಬೇಕಿತ್ತು. ಉಂಗುರ ಬಿಗಿಯಾಗಿದ್ದ ದಿನ ಆಕೆ ಸೋಪು ಹಚ್ಚಿ ಎಳೆದು ಬೆರಳು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು.

ಇಷ್ಟೆಲ್ಲ ಆದ ಮೇಲೆ, ತೂಕಕ್ಕೆ ಹಾಕುವ ಮುನ್ನ, ಸಾಹೇಬರು ಬರುತ್ತಿದ್ದರು. ಪ್ರತಿಯೊಂದು ಮಾದರಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಂಗೈಗಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, ಹೂಂ ಎಂದು ಅದೇ ತಟ್ಟೆಗೆ ಉದುರಿಸುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದಕ್ಕೆ ಅವರು ಮಣ್ಣಿನ ನಾಡಿ ನೋಡುವುದು ಎನ್ನುತ್ತಿದ್ದರು. ಯಂತ್ರ ಅಂಕಿ ಹೇಳುತ್ತದೆ, ಆದರೆ ಮಣ್ಣು ಮಾತಾಡುವುದು ಕೈಯ ಜೊತೆ ಮಾತ್ರ ಎಂಬುದು ಅವರ ಭಾಷಣದ ಖಾಯಂ ಸಾಲು. ಕೈ ಎಂದರೆ ಅವರದೇ ಕೈ, ಬೇರೆಯವರದಲ್ಲ. ಬೇರೆಯವರ ಕೈಯಲ್ಲಿ ಉಂಗುರವಿರುತ್ತದೆ.

ಸಾಹೇಬರು ಆ ಕುರ್ಚಿಗೆ ಬಂದಂದಿನಿಂದ ಒಂದು ಅದ್ಭುತ ನಡೆಯತೊಡಗಿತು. ಒಣಭೂಮಿಯೆಂದರೆ ಸತುವಿನ ಬಡತನ ಎಂದು ಎಲ್ಲ ಕಡೆಯೂ ಹೇಳುವಾಗ, ಈ ಸೀಮೆಯ ಮಣ್ಣಿನಲ್ಲಿ ಮಾತ್ರ ಸತು ತುಂಬಿ ತುಳುಕಿತು. ಕಬ್ಬಿಣ ಅಷ್ಟಕ್ಕಷ್ಟೆ, ತಾಮ್ರ ಅಷ್ಟಕ್ಕಷ್ಟೆ, ಸತುವೊಂದು ಮಾತ್ರ ಕುಬೇರ. ಅವರು ರಜೆ ಹಾಕಿದ ದಿನ ಪರೀಕ್ಷೆಯಾದ ಮಾದರಿಗಳಲ್ಲಿ ಸತು ಪಾತಾಳ ಸೇರುತ್ತಿತ್ತು. ಇದನ್ನು ಕಂಡ ಬೆಳೆಗಾರರು ಸಾಹೇಬರ ಕೈಗುಣ ದೊಡ್ಡದು ಎಂದು ಮಾತಾಡಿಕೊಂಡರು. ರಜೆಯ ದಿನ ಬಂದವರು ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕೂರುತ್ತಿದ್ದರು, ಸಾಹೇಬರು ಮುಟ್ಟಿದ ಮೇಲೇ ಪರೀಕ್ಷೆ ಮಾಡಿ ಎನ್ನುತ್ತಿದ್ದರು. ಹೊಲದಲ್ಲಿ ಬೆಳೆ ಹೇಗಾದರೂ ಬರಲಿ, ವರದಿಯಲ್ಲಿ ಒಳ್ಳೆಯ ಅಂಕ ಬಂದರೆ ಮಗ ಪಾಸಾದಷ್ಟು ಸಂತೋಷ. ಕೈಗುಣದ ಮಾತು ಸಾಹೇಬರ ಕಿವಿಗೂ ಬಿತ್ತು. ನಾನು ವಿಜ್ಞಾನದ ಮನುಷ್ಯ, ಇದನ್ನೆಲ್ಲ ನಂಬುವುದಿಲ್ಲ ಎಂದರು; ಅಂದಿನಿಂದ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತಿಕ್ಕತೊಡಗಿದರು.

ಕೈಗುಣಕ್ಕೊಂದು ಕಾರಣವೂ ಬೇಕಲ್ಲ. ಬಹಳ ಹಿಂದಿನ ಯಾವುದೋ ಯುಗದಲ್ಲಿ ಬೀಸಿದ ಗಾಳಿ ಎಲ್ಲಿಂದಲೋ ಸತುವಿನ ಧೂಳನ್ನು ಹೊತ್ತು ತಂದು ಈ ಸೀಮೆಯ ಮೇಲೇ ಸುರಿದಿದೆ ಎಂದು ಸಾಹೇಬರು ಉದ್ದನೆಯ ಲೇಖನ ಬರೆದರು. ಧೂಳು ಬಂದಿತ್ತು, ಅದು ನಿಜ. ಯಾವ ಯುಗದಲ್ಲಿ, ಯಾವ ಡಬ್ಬಿಯಿಂದ ಎಂಬುದಷ್ಟೇ ತಪ್ಪಿತ್ತು. ಲೇಖನದ ಜೊತೆಗೆ ಒಂದು ನಕ್ಷೆ. ಅದರಲ್ಲಿ ಸುತ್ತಲ ಸೀಮೆಗಳೆಲ್ಲ ಹಳದಿ, ಇವರದು ಮಾತ್ರ ಗಿಳಿಹಸಿರು. ಮೇಲಿನವರು ನಕ್ಷೆ ನೋಡಿ ತಲೆದೂಗಿದರು. ಸತು ಇದ್ದ ಕಡೆಗೆ ಸತು ಕಳಿಸುವುದೇಕೆಂದು ಇಲ್ಲಿನ ಗೊಬ್ಬರದ ಡಿಪೋಗೆ ಬರುತ್ತಿದ್ದ ಸತುವಿನ ಚೀಲಗಳನ್ನು ಪಕ್ಕದ ಸೀಮೆಗೆ ತಿರುಗಿಸಿದರು.

ಆ ಗಿಳಿಹಸಿರಿನ ನಡುವೆ ಸಾಹೇಬರ ಅಕ್ಕನ ಹೊಲವೂ ಇತ್ತು.

ಅಕ್ಕನ ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಹೊಲವನ್ನು ತಾನೇ ಮಾಡುತ್ತೇನೆ ಎಂದು ಅಕ್ಕ ಸೊಂಟ ಕಟ್ಟಿದ್ದಳು. ಇಬ್ಬರು ಮೈದುನಂದಿರಿಗೆ ಅದು ಹಿಡಿಸಿರಲಿಲ್ಲ. ಹೆಂಗಸಿಗೆ ಯಾಕೆ ಈ ಉಸಾಬರಿ, ಹೊಲ ನಮ್ಮ ಹೊಲದ ಜೊತೆ ಸೇರಲಿ, ವರ್ಷಕ್ಕೆ ಊಟಕ್ಕಾಗುವಷ್ಟು ಕಾಳು ಅಳೆದು ಕೊಡುತ್ತೇವೆ ಎಂದಿದ್ದರು. ಅಳೆಸಿಕೊಂಡು ತಿನ್ನುವ ಬಾಯಿ ನನ್ನದಲ್ಲ ಎಂದಿದ್ದಳು ಅಕ್ಕ. ಕೊನೆಗೆ ಮೂರು ಬೆಳೆಯ ಮಾತಾಯಿತು: ಮೂರರಲ್ಲಿ ಒಂದಾದರೂ ನೆಟ್ಟಗೆ ಬಂದರೆ ಹೊಲ ಅವಳ ಕೈಯಲ್ಲೇ ಉಳಿಯುವುದು, ಇಲ್ಲವಾದರೆ ಮೈದುನಂದಿರಿಗೆ ಬಿಟ್ಟುಕೊಡುವುದು.

ಮೊದಲನೇ ವರ್ಷದ ಸೂರ್ಯಕಾಂತಿ ಮೊಣಕಾಲೆತ್ತರಕ್ಕೆ ನಿಂತಿತು. ಅಕ್ಕ ಎಲೆ ಕಿತ್ತು ತಂದು ತಮ್ಮನಿಗೆ ತೋರಿಸಿದಳು. ಸಾಹೇಬರು ಎಲೆಯ ಕಡೆ ನೋಡದೆ ವರದಿಯ ಕಡೆ ನೋಡಿದರು. ಮಣ್ಣಿನಲ್ಲಿ ಸತು ಧಾರಾಳವಾಗಿದೆ, ನೀನು ಬೀಜವನ್ನು ಆಳಕ್ಕೆ ಹಾಕಿದ್ದೀಯ ಎಂದರು. ಎರಡನೇ ವರ್ಷ ಮೇಲಕ್ಕೆ ಹಾಕಿದಳು. ಹೂವು ಮತ್ತೆ ಗುಂಡಿಯಷ್ಟೇ. ಈ ಸಲ ಕಳೆ ತೆಗೆದದ್ದು ತಡವಾಯಿತು ಎಂದರು. ಮೈದುನಂದಿರು ಆ ವರದಿಯನ್ನೇ ಹಿಡಿದುಕೊಂಡು ಮನೆಮನೆ ತಿರುಗಿದರು. ಅವಳ ಒಡಹುಟ್ಟಿದವನೇ ಬರೆದು ಕೊಟ್ಟಿದ್ದಾನೆ, ಮಣ್ಣು ಚಿನ್ನ, ಅವಳ ಕೈಯೇ ಸರಿ ಇಲ್ಲ ಎಂದರು. ತಮ್ಮನ ಕೈಗುಣ ಹಾಡಿದ ಬಾಯಿಗಳೇ ಅಕ್ಕನ ಕೈ ಒಣಗಿದ ಕೈ ಎಂದವು. ಅಕ್ಕ ದೇವರ ಮುಂದೆ ಕೂತಾಗ ತನ್ನ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಳಂತೆ. ಕೆಲಸ ಮಾಡಿ ಸವೆದ ಕೈಗೆ ಇಂಥ ಅನುಮಾನ ಬರಬಾರದು. ಬಂದರೆ ಅದರ ಪಾಪ ಯಾರ ಲೆಕ್ಕಕ್ಕೆ ಹೋಗುತ್ತದೆಂದು ಮೇಲೆ ಲೆಕ್ಕ ಬರೆಯುವವನಿಗೇ ಗೊತ್ತು.

ಮೂರನೆಯ ಬಿತ್ತನೆ ಹತ್ತಿರ ಬಂತು. ಅಕ್ಕ ಹೊಸದಾಗಿ ಮಣ್ಣು ಅಗೆದು, ಚೀಲದಲ್ಲಿ ಕಟ್ಟಿ ತಂದು ತಮ್ಮನ ಮೇಜಿನ ಮೇಲಿಟ್ಟಳು.

"ಇದೇ ಕೊನೇದು ಕಣೋ. ಇನ್ನೊಂದು ಸಲ ಕೇಳೋಕೆ ನನ್ನ ಹತ್ತಿರ ಹೊಲ ಇರಲ್ಲ," ಎಂದಳು.

ಸಾಹೇಬರು ಎಲ್ಲ ಸರಿಹೋಗುತ್ತದೆ, ನನ್ನ ಕೈಯಾರೆ ನೋಡುತ್ತೇನೆ ಎಂದು ಅಭಯ ಕೊಟ್ಟರು.

ಅದೇ ವಾರ ಸಾಹೇಬರ ಖಾಯಂ ಪೌಡರ್ ಕಚೇರಿಯ ಡಬ್ಬಿಯಲ್ಲೂ ಅಂಗಡಿಯಲ್ಲೂ ಮುಗಿದಿತ್ತು. ಹೆಂಡತಿ ಬೇರೆಯದೊಂದನ್ನು ತಂದಿದ್ದಳು, ಮಲ್ಲಿಗೆ ವಾಸನೆಯದು. ಸಾಹೇಬರು ಮುಖ ಸಿಂಡರಿಸಿಕೊಂಡೇ ಬಳಿದುಕೊಂಡು ಕೇಂದ್ರಕ್ಕೆ ಹೋಗಿ, ಅಕ್ಕನ ಮಣ್ಣನ್ನು ತಿಕ್ಕಿ, ಮೂಸಿ, ಹೂಂ ಎಂದು ಉದುರಿಸಿದರು. ಮಲ್ಲಿಗೆಯ ವಾಸನೆ ಬಂತು. ಯಂತ್ರ ತೋರಿಸಿದ ಸತು, ಸಾಲದು ಎನ್ನುವ ಗೆರೆಗಿಂತಲೂ ಎಷ್ಟೋ ಕೆಳಗಿತ್ತು. ಮತ್ತೆ ಹಿಡಿ ತುಂಬ ತೆಗೆದುಕೊಂಡು, ಇನ್ನೂ ಭಕ್ತಿಯಿಂದ ತಿಕ್ಕಿದರು. ಅಷ್ಟೇ. ಅಂದಿನ ಉಳಿದ ಮಾದರಿಗಳಲ್ಲೂ ಅದೇ ಗತಿ. ಸೀಮೆಯ ಕುಬೇರತನ ಒಂದು ಬೆಳಗಿನಲ್ಲಿ ದಿವಾಳಿಯೆದ್ದಿತ್ತು.

ಸಾಹೇಬರು ಮೊದಲು ಸಹಾಯಕಿಯ ಬೆರಳು ನೋಡಿದರು, ಉಂಗುರವಿರಲಿಲ್ಲ. ಆಮೇಲೆ ಯಂತ್ರದ ಮೇಲೆ ಅನುಮಾನಪಟ್ಟರು. ಯಂತ್ರ ಸರಿಯಿದೆಯೇ ಎಂದು ನೋಡಲು ಮಣ್ಣು ಹಾಕದ ಬರೀ ದ್ರಾವಣವನ್ನು ಓಡಿಸುತ್ತಾರೆ, ಅದಕ್ಕೆ ಖಾಲಿ ಎನ್ನುತ್ತಾರೆ. ಖಾಲಿ ಎಂದಿನಂತೆ ಸೊನ್ನೆ ತೋರಿಸಿತು. ಇಷ್ಟು ವರ್ಷವೂ ಅದು ಸೊನ್ನೆಯನ್ನೇ ತೋರಿಸಿತ್ತು, ಏಕೆಂದರೆ ನಾಡಿಯಿಲ್ಲದ ಖಾಲಿಯನ್ನು ಸಾಹೇಬರು ಮುಟ್ಟುತ್ತಿರಲಿಲ್ಲ. ದ್ರಾವಣ ಸರಿ, ಯಂತ್ರ ಸರಿ. ಹಾಗಾದರೆ ಕೆಟ್ಟಿದ್ದು ಕೈಗುಣವೇ. ವಿಜ್ಞಾನದ ಮನುಷ್ಯ ಮಧ್ಯಾಹ್ನ ಮನೆಗೆ ಬಂದು ಊಟ ಬಿಟ್ಟು ಕೂತರು.

ಹೆಂಡತಿ ಏನೆಂದು ಕೇಳಿದ್ದಕ್ಕೆ, ನೀನು ಆ ಹಾಳು ಪೌಡರ್ ತಂದ ಗಳಿಗೆಯೇ ಸರಿಯಿಲ್ಲ, ಅಂದಿನಿಂದ ನನ್ನ ಕೈ ಕಟ್ಟಿಹೋಗಿದೆ ಎಂದು ರೇಗಿದರು. ಆಕೆ ಗಂಡನ ಇಂಥ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು ಸಂಸಾರ ಮಾಡಿದವಳು. ಹಳೆಯ ಡಬ್ಬಿಯನ್ನು ಎಸೆದಿರಲಿಲ್ಲ. ತಂದು, ತಳ ತಟ್ಟಿ ತಟ್ಟಿ, ಉಳಿದಿದ್ದನ್ನೆಲ್ಲ ಅವರ ಅಂಗೈಗೆ ಸುರಿದಳು.

"ತಗೊಳ್ಳಿ. ನಿಮ್ಮ ಅದೃಷ್ಟ ಡಬ್ಬಿಯಲ್ಲೇ ಇದ್ದರೆ ಹಚ್ಚಿಕೊಂಡು ಹೋಗಿ," ಎಂದಳು.

ಸಾಹೇಬರು ನಗದೆ ಹಚ್ಚಿಕೊಂಡು ಹೋದರು. ಅಕ್ಕನ ಚೀಲದಿಂದ ಇನ್ನೊಂದು ಹಿಡಿ ತೆಗೆದು ತಿಕ್ಕಿದರು. ಸತು ಆಕಾಶಕ್ಕೆ ನೆಗೆಯಿತು. ಅವರಿಗೆ ಹೋದ ಜೀವ ಬಂದಂತಾಗಿ, ಸಹಾಯಕಿಗೆ ಅಂದು ಬೇಗ ಮನೆಗೆ ಹೋಗು ಎಂದೂ ಹೇಳಿದರು. ಒಬ್ಬರೇ ಉಳಿದಾಗ ಮಾತ್ರ ಒಳಗೆಲ್ಲೋ ಸಣ್ಣ ಮುಳ್ಳೊಂದು ಆಡಿತು. ಎಷ್ಟಾದರೂ ಓದಿದ ತಲೆ. ಅದು ಬೇಡ ಬೇಡವೆನ್ನುತ್ತಿದ್ದರೂ ಬೆರಳು ತಾನಾಗಿಯೇ ಹೋಗಿ, ಇದುವರೆಗೂ ಮುಟ್ಟದ ಖಾಲಿಯ ಬಾಟಲಿಯಲ್ಲಿ ಮುಳುಗಿತು. ಮಣ್ಣಿನ ಒಂದು ಕಣವೂ ಇಲ್ಲದ ಆ ನೀರನ್ನು ಯಂತ್ರಕ್ಕೆ ಕುಡಿಸಿದರು.

ಯಂತ್ರಕ್ಕೆ ಹೇಳಲು ಅಂಕಿಯೇ ಸಿಗಲಿಲ್ಲ. ತನ್ನ ಅಳತೆ ಮೀರಿದೆ ಎಂದು ಕೆಂಪು ದೀಪ ಹಚ್ಚಿಕೊಂಡು ಕೂತಿತು.

ಸಾಹೇಬರು ಬಹಳ ಹೊತ್ತು ತಮ್ಮ ಕೈಯನ್ನು ನೋಡಿಕೊಂಡರು. ಬೆವರುಸಾಲೆಯ ಪೌಡರಿನಲ್ಲಿ ತುರಿಕೆ ತಣಿಯಲೆಂದು ಸತುವಿನ ಭಸ್ಮ ಬೆರೆಸಿರುತ್ತಾರೆ ಎಂಬುದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಕಾಲೇಜಿನಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು, ಅಂಕವೂ ಬಂದಿತ್ತು. ಓದಿದ್ದು ತಲೆಯಲ್ಲಿತ್ತು, ಪುಡಿ ಕೈಯಲ್ಲಿತ್ತು. ತಲೆಗೂ ಕೈಗೂ ಇಷ್ಟು ವರ್ಷ ಭೇಟಿಯಾಗಿರಲಿಲ್ಲ. ಯುಗಯುಗದ ಗಾಳಿ, ಗಿಳಿಹಸಿರು ನಕ್ಷೆ, ತಲೆದೂಗಿದ ಮೇಲಿನವರು, ಎಲ್ಲವೂ ಕಂಕುಳಿನಿಂದ ಉದುರಿದ ಪುಡಿ.

ಮೊದಲು ಅವರಿಗೆ ಹೊಳೆದದ್ದು ಸತ್ಯ ಹೇಳಬೇಕೆಂದಲ್ಲ. ಅಕ್ಕನ ವರದಿಯೊಂದನ್ನು ಸದ್ದಿಲ್ಲದೆ ತಿದ್ದಿ, ಡಿಪೋದಿಂದ ಒಂದು ಚೀಲ ಸತು ಎತ್ತಿಸಿದರೆ ಹೊಲವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ ಎಂದು. ತಿದ್ದಿದ ವರದಿ ಹಿಡಿದು ತಾವೇ ಡಿಪೋಗೆ ಹೋದರು. ಡಿಪೋದವನು ಖಾಲಿ ನೆಲ ತೋರಿಸಿದ. ನಿಮ್ಮ ನಕ್ಷೆ ಬಂದ ಮೇಲೆ ಇಲ್ಲಿಗೆ ಒಂದು ಕಾಳು ಸತುವೂ ಬರುತ್ತಿಲ್ಲ, ತರಿಸಬೇಕಾದರೆ ಸೀಮೆಯ ನಕ್ಷೆಯೇ ಬದಲಾಗಬೇಕಂತೆ, ಒಬ್ಬರ ಚೀಟಿಗೆಲ್ಲ ಕೊಡುವುದಿಲ್ಲವಂತೆ ಎಂದ. ಪಕ್ಕದ ಸೀಮೆಯಲ್ಲಿ? ಅಲ್ಲಿ ಅಲ್ಲಿಯವರಿಗೇ ಸಾಲುತ್ತಿಲ್ಲ. ಆಮೇಲೆ ಅವನು ಅಭಿಮಾನದಿಂದ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಕಟ್ಟುಹಾಕಿಸಿದ ನಕ್ಷೆ ಗಿಳಿಹಸಿರಾಗಿ ಹೊಳೆಯುತ್ತಿತ್ತು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಲೋಕರೂಢಿ. ಸಾಹೇಬರು ಆ ಗುಂಡಿಗೆ ಬಣ್ಣ ಬಳಿದು ಚೌಕಟ್ಟನ್ನೂ ಹಾಕಿಸಿಕೊಂಡಿದ್ದರು.

ಅಕ್ಕನಿಗೆ, ಬಿತ್ತನೆ ಸ್ವಲ್ಪ ತಡೆ, ಸತು ಹಾಕಬೇಕಾಗಬಹುದು ಎಂದಷ್ಟೇ ಹೇಳಿಕಳಿಸಿದರು. ಅಕ್ಕ ತಾನೇ ಬಂದಳು.

"ಎರಡು ವರ್ಷ ಧಾರಾಳವಾಗಿದ್ದ ಸತು ಈಗೆಲ್ಲಿಗೆ ಹೋಯ್ತು? ನನ್ನ ಹೊಲ ಬಿಟ್ಟು ಓಡಿಹೋಯ್ತಾ?"

"ಅದು ತಾಂತ್ರಿಕ ವಿಷಯ ಅಕ್ಕ. ನಿನಗೆ ಅರ್ಥ ಆಗಲ್ಲ."

"ಹೌದಪ್ಪ. ಅರ್ಥ ಆಗೋದೇನಿದ್ರೂ ನನ್ನ ಕೈ ಸರಿ ಇಲ್ಲ ಅನ್ನೋದಷ್ಟೆ," ಎಂದು ಅಕ್ಕ ನೀರೂ ಕುಡಿಯದೆ ಎದ್ದುಹೋದಳು.

ಎಣ್ಣೆಕಾಳು ಬೆಳೆಗಾರರ ಸಂಘದವರು ಸಾಹೇಬರನ್ನು ಸನ್ಮಾನಿಸುವುದೆಂದು ಆ ವಾರವೇ ಗೊತ್ತುಮಾಡಿದ್ದರು. ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಹಿತ್ತಾಳೆಯ ಫಲಕ. ಅದರ ಮೇಲೆ 'ಮಣ್ಣಿನ ನಾಡಿ ಬಲ್ಲ ಕೈಗೆ' ಎಂದು ಕೆತ್ತಿತ್ತು. ಸಂಘದ ಅಧ್ಯಕ್ಷರು ಸ್ವಾಗತ ಭಾಷಣ ಮಾಡಿ ಸುಸ್ತಾಗಿ, ಕುರ್ಚಿಯಲ್ಲಿ ಗಲ್ಲವನ್ನು ಎದೆಗೆ ಊರಿ ಕಣ್ಣು ಮುಚ್ಚಿದ್ದರು. ಎರಡನೇ ಸಾಲಿನಲ್ಲಿ ಇಬ್ಬರು ಮೈದುನಂದಿರು. ಮುಂದಿನ ಸಾಲಿನ ತುದಿಯಲ್ಲಿ ಅಕ್ಕ. ಅಂದು ಸೆಕೆಯೂ ಹೆಚ್ಚು, ಭಯವೂ ಹೆಚ್ಚು. ಹಾಗಾಗಿ ಸಾಹೇಬರು ಎಂದಿಗಿಂತ ಹೆಚ್ಚಾಗಿಯೇ ಬಳಿದುಕೊಂಡು ಬಂದಿದ್ದರು. ಆ ಹೊತ್ತಿಗೆ ಅಂಗಡಿಗೆ ಹಳೆಯ ಪೌಡರ್ ಬಂದಿತ್ತು.

ನಕ್ಷೆ ಬದಲಾಗದೆ ಸತು ಬರುವುದಿಲ್ಲ, ಕಾರಣ ಹೇಳದೆ ನಕ್ಷೆ ಬದಲಾಗುವುದಿಲ್ಲ. ಸಾಹೇಬರು ಅದಕ್ಕೆ ತಕ್ಕ ಭಾಷೆಯನ್ನು ರಾತ್ರಿಯೆಲ್ಲ ಹೊಸೆದು ತಂದಿದ್ದರು. ಕೇಂದ್ರವು ಇತ್ತೀಚೆಗೆ ಒಂದು ಮಹತ್ವದ ಸಂಶೋಧನೆ ಕೈಗೊಂಡಿದೆ ಎಂದು ಶುರುಮಾಡಿದರು. ಮಾದರಿಗಳ ನಿರ್ವಹಣೆಯ ಒಂದು ಹಂತದಲ್ಲಿ ಪ್ರಸಾಧನ ಸಾಮಗ್ರಿಯ ಲೇಪವುಳ್ಳ ಕೈಗಳ ಸಂಪರ್ಕದಿಂದಾಗಿ ಸತುವಿನ ಪ್ರಮಾಣದಲ್ಲಿ ಏರಿಕೆ ಉಂಟಾಗಿರುವ ಸಾಧ್ಯತೆ ಕಂಡುಬಂದಿದೆ, ಆದ್ದರಿಂದ ಸೀಮೆಯ ಎಲ್ಲ ಹೊಲಗಳಿಗೂ ಸತು ಬೇಕಾಗುತ್ತದೆ, ನಕ್ಷೆಯನ್ನು ಪರಿಷ್ಕರಿಸಲಾಗುತ್ತಿದೆ ಎಂದರು. ಯಾರೋ ಮಾಡಿದ ತಪ್ಪನ್ನು ಯಾರೋ ಕಂಡುಹಿಡಿದಂತಿತ್ತು. ಸಭೆ ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವ ರೀತಿಯಲ್ಲಿ ತಲೆಯಾಡಿಸಿತು. ಸಾಹೇಬರು ಹಣೆ ಒರೆಸಿಕೊಂಡು ಧನ್ಯವಾದದ ಸಾಲಿಗೆ ಬರುತ್ತಿದ್ದರು.

ಅಕ್ಕ ಎದ್ದು ನಿಂತಳು.

"ಒಂದು ಮಾತು. ಕೈ ಅಂದ್ಯಲ್ಲ, ಅದು ಯಾರ ಕೈ?"

ಸಾಹೇಬರು ಅದು ಸಭೆಯಲ್ಲಿ ವಿವರಿಸುವಂಥದ್ದಲ್ಲ ಎಂದು ಗೊಣಗಿದರು. ಅಕ್ಕ ಕೂರಲಿಲ್ಲ. ದನಿ ಏರಿಸಲೂ ಇಲ್ಲ.

"ಎರಡು ವರ್ಷ ಎಲ್ಲರೂ ನನ್ನ ಕೈ ಸರಿ ಇಲ್ಲ ಅಂದ್ರು. ನೀನೂ ಅಂದೆ. ಈಗ ಇನ್ನೊಂದು ಕೈ ಇತ್ತು ಅಂತಿದ್ದೀಯ. ಅದು ಯಾರದು ಅಂತ ಹೇಳಿಬಿಡು ತಮ್ಮ, ನಾನು ಕೂತ್ಕೋತೀನಿ."

ಸಾಹೇಬರು ಕಾಗದ ನೋಡಿದರು. ಅಲ್ಲಿ ಬರೆದ ಕೈಗಳಿಗೆ ಒಡೆಯನೇ ಇರಲಿಲ್ಲ. ಮೈದುನಂದಿರು ಮುಂದಕ್ಕೆ ಬಾಗಿ ಕೂತಿದ್ದರು. ಅಕ್ಕ ಎರಡು ಕೈಗಳನ್ನೂ ಸೊಂಟದ ಮುಂದೆ ಕಟ್ಟಿಕೊಂಡು ನಿಂತಿದ್ದಳು. ಒರಟು ಕೈಗಳು, ಉಗುರಿನ ಸಂದಿಯಲ್ಲಿ ಆ ಹೊಲದ್ದೇ ಮಣ್ಣು. ಚಿಕ್ಕವರಾಗಿದ್ದಾಗ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದದ್ದು ಇದೇ ಕೈ ಎಂಬುದು ಸಾಹೇಬರಿಗೆ ನೆನಪಾಯಿತೋ, ಅಥವಾ ಅಕ್ಕ ನಿಂತ ಮೇಲೆ ಕೂರುವವಳಲ್ಲ ಎಂಬುದು ನೆನಪಾಯಿತೋ, ಹೇಳಲಾಗದು. ಮೇಷ್ಟ್ರ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗ ಎತ್ತುವಂತೆ ಬಲಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಕೊನೆಯ ಸಾಲಿನವರಿಗೂ ಕಾಣುವಷ್ಟು ಬೆಳ್ಳಗಿತ್ತು. ಬೆರಳ ಸಂದಿನಿಂದ ಒಂದಿಷ್ಟು ಪುಡಿ, ದೀಪದ ಬೆಳಕಿನಲ್ಲಿ ನಿಧಾನವಾಗಿ ಉದುರಿತು.

"ನಂದೇ ಅಕ್ಕ," ಎಂದರು.

ಆ ಹೊತ್ತಿಗೆ ಅಧ್ಯಕ್ಷರಿಗೆ ಎಚ್ಚರವಾಯಿತು. ಸಾಹೇಬರು ಕೈಯೆತ್ತಿ ನಿಂತದ್ದು ಕಂಡು, ಭಾಷಣ ಭರ್ಜರಿಯಾಗಿ ಮುಗಿದಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಟ್ಟಿದ ಮೇಲೆ ಸಭೆಯೂ ತಟ್ಟಿತು. ಫಲಕದ ಮೇಲೆ ಅಕ್ಷರ ಕೆತ್ತಿ ಆಗಿತ್ತು; ಇನ್ಯಾರಿಗೆ ಕೊಡುವುದು? ಎತ್ತಿದ್ದ ಅದೇ ಕೈಗೆ ಕೊಟ್ಟರು. ಮುಂದೆ ಮೇಲಿನವರಿಂದ, ಇಂಥ ಸೂಕ್ಷ್ಮ ದೋಷವನ್ನು ಪತ್ತೆಹಚ್ಚಿದ್ದಕ್ಕಾಗಿ ಸಾಹೇಬರಿಗೆ ಒಂದು ಪ್ರಶಂಸಾಪತ್ರವೂ ಬಂತು. ಕಳ್ಳನೇ ತನ್ನನ್ನು ಹಿಡಿದುಕೊಟ್ಟರೆ ಪೊಲೀಸಿನ ಬಹುಮಾನವೂ ಅವನಿಗೇ ತಾನೆ.

ಸಭೆ ಮುಗಿದು ಹೊರಬರುವಾಗ ದೊಡ್ಡ ಮೈದುನ ಅಕ್ಕನ ಹತ್ತಿರ ಬಂದು, ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ಎತ್ತದೆಯೇ, "ಅತ್ತಿಗೆ, ಆ ಎರಡು ಬೆಳೆ ಲೆಕ್ಕಕ್ಕಿಲ್ಲ ಬಿಡಿ," ಎಂದ. ಅಷ್ಟು ಜನ ಕೇಳಿಸಿಕೊಂಡ ಮೇಲೆ ಬೇರೆ ಮಾತಾಡಲು ಅವನಿಗೂ ದಾರಿಯಿರಲಿಲ್ಲ. ಅಕ್ಕ ಆಯಿತು ಎನ್ನಲಿಲ್ಲ, ಬೇಡ ಎನ್ನಲಿಲ್ಲ; ಲೆಕ್ಕ ಹಾಕಿದ್ದು ನಾನಲ್ಲವಲ್ಲ ಎಂದಳು.

ಸತು ಬಂದದ್ದು ಬಿತ್ತನೆಯ ಅಂಚಿಗೆ. ಆ ಸಲದ ಸೂರ್ಯಕಾಂತಿ ಅಕ್ಕನ ಭುಜ ಮುಟ್ಟಿತು. ಹೂವಿನ ಭಾರಕ್ಕೆ ಗಿಡಗಳು ತಲೆ ತಗ್ಗಿಸಿ ನಿಂತವು. ಒಳಗೆ ತುಂಬಿದ್ದೇ ತಲೆ ತಗ್ಗಿಸುವುದು. ಆ ವಿದ್ಯೆಯನ್ನು ದೇವರು ಗಿಡಗಳಿಗೆ ಕೊಟ್ಟಷ್ಟು ಸುಲಭವಾಗಿ ಮನುಷ್ಯರಿಗೆ ಕೊಟ್ಟಿಲ್ಲ.

ಫಲಕ ಈಗಲೂ ಸಾಹೇಬರ ಕುರ್ಚಿಯ ಹಿಂದೆ ನೇತಾಡುತ್ತದೆ. ಮರುವರ್ಷ ಅಕ್ಕ ಮಣ್ಣಿನ ಚೀಲ ಹಿಡಿದು ಬಂದಳು. ಸಾಹೇಬರು ಹಳೆಯ ಅಭ್ಯಾಸದಂತೆ ಕುರ್ಚಿಯಿಂದ ಎದ್ದು ಕೈ ಚಾಚಿದರು.

"ಹಾಂ, ಹಾಂ. ಅಲ್ಲೇ ನಿಂತ್ಕೊ," ಎಂದಳು ಅಕ್ಕ.

ಚೀಲದ ಗಂಟನ್ನು ತಾನೇ ಬಿಚ್ಚಿ, ಮಣ್ಣನ್ನು ತಾನೇ ತಟ್ಟೆಗೆ ಸುರಿದಳು. ಸಾಹೇಬರು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒರಗದೆ ನಿಂತರು. ಒರಗಿದರೆ ಗೋಡೆ ಬಿಳಿಯಾಗುತ್ತದೆ.